ಮುಗಿದದ್ದನ್ನೇ ಎಣಿಸು

ಮಗೂ, ನಾಗಪುರದ ಮಿಹಾನ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೀಯ. ಒಂದಲ್ಲ ಒಂದು ದಿನ ಡಿಸ್ಕ್ ಕೈಕೊಟ್ಟೇ ಕೊಡುತ್ತದೆ. ಆ ಹೊತ್ತಿಗೆ ಬೇಕಾಗುವ ನಾಲ್ಕು ಮಾತು ಈಗಲೇ ಕೇಳಿಕೋ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ಬಳಸುವ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ಕರೆಂಟು ಹೋಗಿ ಯಂತ್ರ ತಟ್ಟನೆ ನಿಂತರೆ ಡಿಸ್ಕ್‌ಗಳು ಒಂದಕ್ಕೊಂದು ತಾಳೆಯಾಗದೆ ಉಳಿಯಬಹುದು. ಅವನ್ನು ಸರಿಹೊಂದಿಸುವುದು ರೀಸಿಂಕ್. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿ, ಉಳಿದವುಗಳಿಂದ ಅದನ್ನು ತುಂಬಿಸುವುದು ರಿಕವರಿ. ರೇಡ್ 5ರಲ್ಲಿ ರಿಕವರಿ ಮುಗಿಯುವ ಮುನ್ನ ಇನ್ನೊಂದು ಡಿಸ್ಕ್ ಹೋದರೆ ಡೇಟಾಕ್ಕೇ ಸಂಚಕಾರ. ಆದ್ದರಿಂದ ನಡೆಯುತ್ತಿರುವುದು ಯಾವುದು ಎಂದು ಮೊದಲು ನೋಡು.

ಈ ಕೆಲಸ ಎಷ್ಟು ಮುಗಿಯಿತೆಂದು ಪರದೆಯ ಮೇಲೆ ಕಾಣುವ ಶೇಕಡಾವಾರಿನ ಹಿಂದೆ ಒಂದು ಶಿಸ್ತಿದೆ. ಡಿಸ್ಕ್‌ಗೆ ಆಜ್ಞೆ ಹೋದಷ್ಟನ್ನೂ ಕರ್ನಲ್ ಮುಗಿದದ್ದೆಂದು ತೋರಿಸುವುದಿಲ್ಲ. ಇನ್ನೂ ದಾರಿಯಲ್ಲಿರುವುದನ್ನು ಕಳೆದು ಹೇಳುತ್ತದೆ. ಹೊಸ ಡಿಸ್ಕ್‌ನಿಂದ ಓದುವುದೂ ತುಂಬಿದ ಗಡಿಯ ಈಚೆಗೆ ಮಾತ್ರ. ಇನ್ನೆಷ್ಟು ನಿಮಿಷ ಎಂಬ ಅಂದಾಜು ಮಾತ್ರ ಸುಮಾರು ಕಳೆದ ಅರ್ಧ ನಿಮಿಷದ ವೇಗದಿಂದ ಹುಟ್ಟುವಂಥದ್ದು. ಬಳಕೆದಾರರ ಕೆಲಸ ಹೆಚ್ಚಾದರೆ ಅದು ಬೆಳೆಯುತ್ತದೆ. ಹೆದರಿ ಯಂತ್ರವನ್ನು ನಿಲ್ಲಿಸಬೇಡ.

ನಿಂತರೂ ಎಲ್ಲವೂ ವ್ಯರ್ಥವಲ್ಲ. ಒಟ್ಟು ಕೆಲಸದ ಹದಿನಾರರಲ್ಲೊಂದು ಪಾಲು ದಾಟಿದಾಗ, ಇಲ್ಲವೇ ಐದು ನಿಮಿಷ ಕಳೆದಾಗ, ಎಲ್ಲಿಯವರೆಗೆ ಮುಗಿಯಿತೆಂಬ ಗುರುತು ಡಿಸ್ಕ್‌ಗಳ ಸೂಪರ್‌ಬ್ಲಾಕ್‌ನಲ್ಲಿ ದಾಖಲಾಗುತ್ತದೆ. ಮತ್ತೆ ಶುರುವಾಗುವುದು ಅಲ್ಲಿಂದಲೇ. ಬಿಟ್‌ಮ್ಯಾಪ್ ಇಟ್ಟುಕೊಂಡಿದ್ದರೆ ಇನ್ನೂ ಲೇಸು: ಬರೆಯುವ ಮುನ್ನವೇ ಆ ಭಾಗಕ್ಕೆ ಗುರುತು ಬೀಳುವುದರಿಂದ, ರೀಸಿಂಕ್ ಗುರುತಿದ್ದಷ್ಟನ್ನು ನೋಡಿದರೆ ಸಾಕು.

ಹೀಗೆ ಗುರುತಿಟ್ಟು ಮುಂದುವರಿಯುವುದು ಡಿಸ್ಕ್‌ಗಳಿಗಷ್ಟೇ ಸೇರಿದ್ದಲ್ಲ. ನಾಗಪುರದ ದಕ್ಷಿಣಕ್ಕಿರುವ ಹಿಂಗಣಘಾಟ್‌ನಲ್ಲಿ 1823ರ ಜನವರಿಯಲ್ಲಿ ವಿಲಿಯಂ ಲ್ಯಾಂಬ್ಟನ್ ತೀರಿಕೊಂಡರು. 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆಸಿದ್ದವರು, ಭೂಮಾಪನ ಮಾಡುತ್ತ ಇಲ್ಲಿಯವರೆಗೆ ಬಂದಿದ್ದರು. ಅವರ ನಂತರ ಬಂದ ಜಾರ್ಜ್ ಎವರೆಸ್ಟ್ ದಕ್ಷಿಣಕ್ಕೆ ಹಿಂತಿರುಗಿ ಮೊದಲಿಂದ ತೊಡಗಬೇಕಾಗಲಿಲ್ಲ. ಅಳೆದು ಬರೆದಿಟ್ಟ ಕೇಂದ್ರಗಳಿಂದ ಮುಂದುವರಿದು ಉತ್ತರಕ್ಕೆ ನಡೆದರು. ದೊಡ್ಡ ಕೆಲಸಗಳು ಒಬ್ಬರ ಆಯುಸ್ಸಿಗಿಂತ ಉದ್ದ. ಅವು ಉಳಿಯುವುದು ಇಂಥ ದಾಖಲೆಯಿಂದಲೇ.

ನೀನೂ ಹಾಗೇ ನಡೆದುಕೋ. ಮೇಲಿನವರು ಕೇಳಿದರೆ ಆರಂಭಿಸಿದ್ದನ್ನು ಬಿಟ್ಟು ಮುಗಿದದ್ದನ್ನು ಹೇಳು. ರೇಡ್ ಇದೆಯೆಂದು ಬ್ಯಾಕಪ್ ಬಿಡಬೇಡ. ತಪ್ಪಾಗಿ ಅಳಿಸಿದ ಕಡತವನ್ನು ರೇಡ್ ಎಲ್ಲ ಡಿಸ್ಕ್‌ಗಳಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಪಾಳಿ ಮುಗಿಸಿ ಹೊರಡುವ ಮುನ್ನ, ಯಾವ ಡಿಸ್ಕ್ ಬದಲಾಯಿತು, ರಿಕವರಿ ಎಲ್ಲಿಗೆ ಬಂತು, ಏನು ಬಾಕಿ ಎಂದು ಮುಂದಿನವರಿಗೆ ಬರೆದಿಟ್ಟೇ ಹೋಗು.