ಕಾಯುವ ಸರಕು

ಒಂದು ಉಕ್ಕಿನ ತುಂಡು ಕಾರ್ಖಾನೆಯನ್ನು ಹೊಕ್ಕು, ನಾಲ್ಕಾರು ಯಂತ್ರಗಳನ್ನು ದಾಟಿ, ಬಿಡಿಭಾಗವಾಗಿ ಹೊರಬರುವುದೆಂದು ಭಾವಿಸೋಣ. ಅದರ ಮೇಲೆ ಯಂತ್ರಗಳು ನಡೆಸುವ ಕೆಲಸವೆಲ್ಲ ಸೇರಿ ಇಪ್ಪತ್ತೇ ನಿಮಿಷ. ಆದರೂ ಅದು ಹೊರಬೀಳಲು ಹತ್ತು ಗಂಟೆ ಹಿಡಿಯುವುದಾದರೆ ಉಳಿದ ಕಾಲವೆಲ್ಲ ಏನಾಯಿತು?

ಒಳಬರುವ ಮತ್ತು ಹೊರಹೋಗುವ ತುಂಡುಗಳ ವೇಗ ಸಮನಾಗಿರುವಲ್ಲಿ ಒಂದು ಸರಳ ನಿಯಮ ಅನ್ವಯಿಸುತ್ತದೆ. 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಅವರು ಇದಕ್ಕೆ ಗಣಿತದ ಸಾಧನೆಯನ್ನು ಒದಗಿಸಿದರು. ಒಳಗಿರುವ ತುಂಡುಗಳ ಸರಾಸರಿ ಸಂಖ್ಯೆಯನ್ನು ಗಂಟೆಗೆ ಹೊರಬರುವ ಸಂಖ್ಯೆಯಿಂದ ಭಾಗಿಸಿದರೆ, ಪ್ರತಿಯೊಂದು ತುಂಡೂ ಒಳಗೆ ಕಳೆಯುವ ಸರಾಸರಿ ಕಾಲ ದೊರೆಯುತ್ತದೆ. ಒಳಗೆ 600 ತುಂಡುಗಳಿದ್ದು, ಗಂಟೆಗೆ 60 ಹೊರಬಂದರೆ ಈ ಕಾಲ 10 ಗಂಟೆ. ಇದರಲ್ಲಿ 9 ಗಂಟೆ 40 ನಿಮಿಷ ಬರಿಯ ಕಾಯುವಿಕೆ! ಅದೇ ವೇಗದಲ್ಲಿ, ಒಳಗಿನ ಸರಕು 120ಕ್ಕೆ ಇಳಿದರೆ 2 ಗಂಟೆ ಸಾಕು. ಹೊಸ ಯಂತ್ರವೂ ಬೇಡ, ಕಾರ್ಮಿಕನು ಅವಸರಪಡುವುದೂ ಬೇಡ. ‘ಲೀನ್’ ಎಂದು ಹೆಸರಾದ ಉತ್ಪಾದನಾ ಪದ್ಧತಿಯ ತಿರುಳು ಇಲ್ಲಿದೆ.

ಹಾಗಾದರೆ ದಾಸ್ತಾನನ್ನು ಒಮ್ಮೆಲೇ ಇಳಿಸಬಹುದೇ? ಸಲ್ಲದು. ಯಂತ್ರ ಕೆಡುತ್ತದೆ, ದೋಷವುಳ್ಳ ತುಂಡುಗಳು ಬರುತ್ತವೆ, ಅಚ್ಚು ಬದಲಿಸಲು ಹೊತ್ತು ಹಿಡಿಯುತ್ತದೆ. ಕೆರೆಯ ನೀರು ಬಂಡೆಗಳನ್ನು ಮರೆಮಾಡುವಂತೆ ದಾಸ್ತಾನು ಈ ಕುಂದುಗಳನ್ನು ಮುಚ್ಚಿರುತ್ತದೆ. ಬಂಡೆಗಳನ್ನು ತೆಗೆಯದೆ ನೀರನ್ನಿಳಿಸಿದರೆ ದೋಣಿ ಒಡೆಯುತ್ತದೆ. ಅಂದರೆ ಗಂಟೆಗೆ 60 ಎಂಬ ವೇಗವೇ ಕುಸಿಯುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಟೊಯೋಟಾ ಕಂಪನಿಗೆ ರಾಶಿ ರಾಶಿ ಸರಕನ್ನು ಕೂಡಿಡುವಷ್ಟು ಬಂಡವಾಳವಿರಲಿಲ್ಲ. ಅಲ್ಲಿನ ತೈಯಿಚಿ ಓನೊ ಅವರು ‘ಕಾನ್ಬಾನ್’ ಎಂಬ ಚೀಟಿಯನ್ನು ಬಳಕೆಗೆ ತಂದರು. ಮುಂದಿನ ವಿಭಾಗವು ಸರಕನ್ನು ಬಳಸಿಕೊಂಡಾಗ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತದೆ. ಚೀಟಿ ಬಾರದೆ ಅಲ್ಲಿ ಏನನ್ನೂ ತಯಾರಿಸುವಂತಿಲ್ಲ. ಇದರಿಂದ ದಾಸ್ತಾನಿಗೆ ಮಿತಿಯುಂಟಾಯಿತು. ಬಂಡೆಗಳನ್ನು ತೆಗೆಯುವ ಕೆಲಸವೂ ಜೊತೆಜೊತೆಗೆ ಸಾಗಿತು. ಸಾವಿರ ಟನ್ನಿನ ಪ್ರೆಸ್ಸೊಂದರ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿದ್ದುದನ್ನು ಶಿಗೆಯೊ ಶಿಂಗೊ ಅವರ ನೆರವಿನಿಂದ ಮೂರು ನಿಮಿಷಕ್ಕೆ ಇಳಿಸಲಾಯಿತು. ಯಂತ್ರ ಓಡುತ್ತಿರುವಾಗಲೇ ಮುಂದಿನ ಅಚ್ಚನ್ನು ಅಣಿಗೊಳಿಸಿಡುವುದು ಇದರ ಮುಖ್ಯ ಉಪಾಯ. ಸಾಕಿಚಿ ಟೊಯೋಡ ಅವರ 1924ರ ಮಗ್ಗವು ಎಳೆ ತುಂಡಾದೊಡನೆ ತಾನಾಗಿ ನಿಲ್ಲುತ್ತಿತ್ತು. ಅದೇ ತತ್ತ್ವದಂತೆ, ದೋಷ ಕಂಡ ಕಾರ್ಮಿಕನಿಗೆ ಹಗ್ಗವೆಳೆದು ಕೆಲಸ ನಿಲ್ಲಿಸುವ ಅಧಿಕಾರ ದೊರೆಯಿತು.

ಈ ಪದ್ಧತಿಯನ್ನು ಅನುಸರಿಸಬಯಸುವವರು ಮೊದಲು ಒಂದೇ ವಸ್ತುವನ್ನು ಆರಿಸಿಕೊಂಡು, ಅದರ ದಾರಿಯುದ್ದಕ್ಕೂ ನಡೆದು, ಯಂತ್ರಯಂತ್ರಗಳ ನಡುವೆ ಕಾಯುತ್ತಿರುವ ತುಂಡುಗಳನ್ನು ಎಣಿಸಬೇಕು. ಅನಂತರ ಒಂದೊಂದೇ ಚೀಟಿಯನ್ನು ಕಳೆದು, ಕಾಣಿಸಿಕೊಂಡ ಕುಂದನ್ನು ಸರಿಪಡಿಸಿ, ಮತ್ತೊಂದನ್ನು ಕಳೆಯಬೇಕು.

ಕುಂದುಗಳನ್ನು ಎಲ್ಲರಿಗಿಂತ ಮೊದಲು ಕಾಣುವವನು ಯಂತ್ರದ ಬಳಿ ನಿಂತ ಕಾರ್ಮಿಕನೇ. ಉಳಿದ ಕಾಲವನ್ನು ನೆಪಮಾಡಿಕೊಂಡು ಅವನನ್ನೇ ಕೆಲಸದಿಂದ ತೆಗೆದರೆ ಉಳಿದವರು ಬಾಯಿ ತೆರೆಯುವುದಿಲ್ಲ. ಬಂಡೆಗಳು ಮತ್ತೆ ನೀರಿನಡಿಯಲ್ಲೇ ಉಳಿಯುತ್ತವೆ. ಕಡಮೆ ಮಾಡಬೇಕಾದುದು ಸರಕಿನ ಕಾಯುವಿಕೆಯನ್ನೇ ಹೊರತು ದುಡಿಯುವವರನ್ನಲ್ಲವೆಂಬುದನ್ನು ನಾವು ಮರೆಯಲಾಗದು.