ಕೈಕೊಡದ ಗಾಡಿ ಯಾವುದು?

ಪ್ರಶ್ನೆ: ನಾನು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ, ವಯಸ್ಸು 43. ತುಂಬಾ ವರ್ಷ ಟೌನ್‌ಹೌಸ್‌ನಲ್ಲಿದ್ದು, ಹೋದ ಚಳಿಗಾಲದಲ್ಲಿ ಊರಾಚೆ ಒಂದು ಎಕರೆ ಜಾಗದ ಮನೆ ಕೊಂಡೆವು. ಏಪ್ರಿಲ್ ಬಂದಿದ್ದೇ ತಡ, ಹುಲ್ಲು ಎದ್ದು ನಿಂತಿತು. ಕೂತು ಓಡಿಸುವ ಮೋವರ್ ತಗೋಬೇಕು. ಯಾವುದು ತಗೋಬೇಕೆಂದು ಎರಡು ತಿಂಗಳಿಂದ ದಿನಾ ರಾತ್ರಿ ಎರಡೆರಡು ಗಂಟೆ ವಿಡಿಯೊ ನೋಡುತ್ತಿದ್ದೇನೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಡಬ್ಬಾ ಅನ್ನುತ್ತಾನೆ. ಅಷ್ಟರಲ್ಲಿ ಹುಲ್ಲು ಜಾಸ್ತಿಯಾಗಿದೆ ಎಂದು ಬಡಾವಣೆಯ ಮನೆಮಾಲೀಕರ ಸಂಘದಿಂದ ನೋಟಿಸ್ ಬಂತು. ಅಕ್ಕಪಕ್ಕದವರ ಮುಖ ನೋಡಲು ನಾಚಿಕೆ. ಹೆಂಡತಿ, ‘ಯಾರನ್ನಾದರೂ ಕರೆದು ಕಟ್ ಮಾಡಿಸಿ, ಸಾಕು’ ಅನ್ನುತ್ತಾಳೆ. ಮಂಡ್ಯದಿಂದ ಬಂದಿರುವ ಅಪ್ಪ, ‘ಒಂದು ಹಸು ಇಲ್ಲ, ಕರು ಇಲ್ಲ, ಹುಲ್ಲು ಬೆಳೆಸಿ ಕುಯ್ದು ಎಸೆಯೋಕೆ ಎರಡು ಲಕ್ಷದ ಗಾಡಿಯಾ?’ ಎಂದು ನಗುತ್ತಾರೆ. ಹಿತ್ತಿಲು ಹಳ್ಳದ ಕಡೆಗೆ ಇಳಿಜಾರು, ಅದರ ಭಯ ಬೇರೆ. ದುಡ್ಡು ಕೊಟ್ಟು ತಂದದ್ದು ಕೈಕೊಟ್ಟರೆ ಎಂದು ನಿದ್ದೆ ಬರುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಹೀಗಾಗುತ್ತದಲ್ಲ, ನನಗೇನಾಗಿದೆ?
— ಹೆಸರು ಬೇಡ

ಉತ್ತರ: ನಿಮಗೇನೂ ಆಗಿಲ್ಲ. ಮತ್ತು ಇದು ಸಣ್ಣ ವಿಷಯವೂ ಅಲ್ಲ. ಹೊಸ ಮನೆ, ಹೊಸ ಸಾಲ, ಕೈಗೆ ಅಭ್ಯಾಸವಿಲ್ಲದ ಕೆಲಸ, ಬಾಗಿಲಿಗೆ ಬಂದ ನೋಟಿಸ್, ಮನೆಯೊಳಗೆ ಎತ್ತು ಏರಿಗೆ, ಕೋಣ ನೀರಿಗೆ. ಇಷ್ಟೆಲ್ಲ ಒಟ್ಟಿಗೆ ಬಂದು ಕೂತರೆ ಯಾರಿಗಾದರೂ ನಿದ್ದೆ ಹಾರುತ್ತದೆ. ಆಫೀಸಿನಲ್ಲಿ ದೊಡ್ಡ ದೊಡ್ಡ ನಿರ್ಧಾರ ತೆಗೆದುಕೊಳ್ಳುವವರೇ ಮನೆಗೊಂದು ಸಾಮಾನು ತರುವಾಗ ಅಳೆದೂ ಸುರಿದೂ ಸುಸ್ತಾಗುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಕೆಲವರಿಗೆ ಅದು ಕಾರು, ಕೆಲವರಿಗೆ ಮಗುವಿನ ಶಾಲೆ, ನಿಮಗೆ ಹುಲ್ಲು ಕತ್ತರಿಸುವ ಗಾಡಿ.

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ‘ಕೈಕೊಟ್ಟರೆ’. ಗಾಡಿ ಕೆಟ್ಟರೆ ರಿಪೇರಿಗೆ ಇನ್ನೂರು ಡಾಲರ್ ಹೋಗಬಹುದು ಎಂಬುದಷ್ಟೇ ನಿಮ್ಮ ಭಯವಾಗಿದ್ದರೆ ಇಷ್ಟು ರಾತ್ರಿ ಎಚ್ಚರವಿರುತ್ತಿರಲಿಲ್ಲ. ಕೆಟ್ಟ ದಿನ ಹೆಂಡತಿ ‘ನಾನು ಹೇಳಿದ್ದೆ’ ಅಂದಾರು, ಅಪ್ಪ ನಕ್ಕಾರು, ಪಕ್ಕದ ಮನೆಯವರು ನೋಡಿಯಾರು. ನೀವು ಹುಡುಕುತ್ತಿರುವುದು ಯಾರೂ ಬೆರಳು ತೋರಿಸಲಾಗದಂಥ ಗಾಡಿ. ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನೂರನೇ ವಿಡಿಯೊ ನೋಡಿದ ಮೇಲೂ ಮನಸ್ಸು ಹಗುರವಾಗದಿರುವುದು ಅದಕ್ಕೇ.

ಇನ್ನು ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಮನೆ, ಡ್ರೈವ್‌ವೇ, ಮರಗಿಡ ಕಳೆದರೆ ಹುಲ್ಲು ಮುಕ್ಕಾಲು ಎಕರೆ ಇದ್ದೀತು. ನಿಮ್ಮ ತಂದೆಯವರ ಲೆಕ್ಕದಲ್ಲಿ 30 ಗುಂಟೆ. 42 ಇಂಚು ಅಗಲ ಕತ್ತರಿಸುವ ಸಾಧಾರಣ ಲಾನ್ ಟ್ರ್ಯಾಕ್ಟರ್‌ನಲ್ಲಿ ಅದು ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ವಸಂತದಿಂದ ಚಳಿ ಶುರುವಾಗುವವರೆಗೆ 30 ಸಲ ಓಡಿಸಿದಿರಿ ಎನ್ನಿ, ವರ್ಷಕ್ಕೆ 30 ಗಂಟೆ. ಎರಡು ತಿಂಗಳಲ್ಲಿ ನೀವು ವಿಡಿಯೊ ನೋಡಲು ಕೂತ ಗಂಟೆಗಳು ಆ ಗಾಡಿಯ ಮೂರು ವರ್ಷದ ದುಡಿಮೆಗಿಂತ ಹೆಚ್ಚು. ಇದನ್ನು ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ಯಂತ್ರದ ಮೇಲೆ ಬೀಳುವ ಹೊರೆ ನೀವು ಹೆದರಿದಷ್ಟಿಲ್ಲ ಎಂದು ತೋರಿಸಲು ಹೇಳುತ್ತಿದ್ದೇನೆ.

ನಿಮ್ಮ ಕಡೆಯ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ನೀವು ಕಂಡಿರಬಹುದು. ಜಾತ್ರೆಗೆಲ್ಲ ಶ್ರೇಷ್ಠವಾದ ಜೋಡಿ ಯಾವುದು ಎಂದು ಅವರು ಹುಡುಕುವುದಿಲ್ಲ. ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ನಮ್ಮ ಹೊಲಕ್ಕೆ ಆದೀತಾ ಎಂದು ಕೇಳಿಕೊಳ್ಳುತ್ತಾರೆ. ನೀವೂ ಪ್ರಶ್ನೆಯನ್ನು ಹೀಗೆ ತಿರುಗಿಸಿ. ‘ಯಾವುದು ಕೆಡುವುದಿಲ್ಲ?’ ಎನ್ನುವುದನ್ನು ಬಿಡಿ. ‘ನನ್ನ ಜಾಗಕ್ಕೆ ಯಾವುದು ಹೊಂದುತ್ತದೆ? ಕೆಟ್ಟರೆ ಹತ್ತಿರದಲ್ಲಿ ಯಾರು ಸರಿಮಾಡುತ್ತಾರೆ?’ ಎಂದು ಕೇಳಿ. ಈ ಎರಡಕ್ಕೂ ಉತ್ತರ ಒಂದು ವಾರದಲ್ಲಿ ಸಿಗುತ್ತದೆ.

ಮೊದಲು ತಲೆಯ ಮೇಲಿನ ಭಾರ ಇಳಿಸಿಕೊಳ್ಳಿ. ನಿಮ್ಮ ಹೆಂಡತಿಯ ಸಲಹೆಯಲ್ಲಿ ಸತ್ಯವಿದೆ. ಈ ತಿಂಗಳ ಮಟ್ಟಿಗೆ ಹುಲ್ಲು ಕತ್ತರಿಸುವವರನ್ನು ಎರಡು ಮೂರು ಸಲ ಕರೆಸಿ. ಸಂಘಕ್ಕೆ ಎರಡು ಸಾಲು ಬರೆದು, ಇಂಥ ದಿನದೊಳಗೆ ಸರಿಪಡಿಸುತ್ತೇವೆ ಎಂದು ತಿಳಿಸಿ. ನೋಟಿಸ್ ಬಂದಿರುವುದು ಹುಲ್ಲಿನ ಉದ್ದಕ್ಕೆ, ನಿಮ್ಮ ಯೋಗ್ಯತೆಗಲ್ಲ. ಬೆಳೆದು ನಿಂತ ಹುಲ್ಲನ್ನು ಒಂದೇ ಏಟಿಗೆ ಬೋಳಿಸಬೇಡಿ ಎಂದು ಬಂದವರಿಗೆ ಹೇಳಿ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ನಿಮ್ಮ ಕಡೆ ಸಾಮಾನ್ಯವಾಗಿರುವ ಟಾಲ್ ಫೆಸ್ಕ್ಯೂ ಹುಲ್ಲಾದರೆ ಮೂರರಿಂದ ನಾಲ್ಕು ಇಂಚು ಎತ್ತರ ಉಳಿಸಬೇಕು. ಜನ ಬಂದು ಕತ್ತರಿಸಿ ಹೋದ ಮೇಲೆ, ಇದೇ ನಿಮಗೆ ನೆಮ್ಮದಿ ಅನ್ನಿಸಿದರೆ ಗಾಡಿ ಕೊಳ್ಳದಿರುವುದೂ ಒಂದು ಮರ್ಯಾದೆಯ ನಿರ್ಧಾರವೇ.

ಎರಡನೆಯದಾಗಿ, ಜಾಗ ಅಳೆಯಿರಿ. ಈ ಕೆಲಸಕ್ಕೆ ತಂದೆಯವರನ್ನು ಜೊತೆಗೆ ಕರೆದುಕೊಳ್ಳಿ. ಅವರ ನಗುವಿನ ಹಿಂದೆ, ಮಗನ ಮನೆಯಲ್ಲಿ ತನಗೆ ಗೊತ್ತಿರುವ ಕೆಲಸ ಏನೂ ಇಲ್ಲವಲ್ಲ ಎಂಬ ಬೇಸರ ಇರಬಹುದು. ನೆಲದ ವಾಟ ಅವರಿಗೆ ಗೊತ್ತಾದಷ್ಟು ಯಾವ ವಿಡಿಯೊದವನಿಗೂ ಗೊತ್ತಾಗುವುದಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಮಣ್ಣು ಎಲ್ಲಿ ಮೆತ್ತಗಿದೆ, ಗುಂಡಿ ಎಲ್ಲಿದೆ, ಅವರು ತೋರಿಸಲಿ. ಬೇಲಿಯ ಗೇಟಿನ ಅಗಲ ಬರೆದುಕೊಳ್ಳಿ. 42 ಇಂಚಿನ ಗಾಡಿ 42 ಇಂಚಿನ ಗೇಟಿನಲ್ಲಿ ನುಗ್ಗುವುದಿಲ್ಲ, ಪಕ್ಕಕ್ಕೆ ಹುಲ್ಲು ಎಸೆಯುವ ಬಾಯಿ ಹೊರಚಾಚಿರುತ್ತದೆ. ಆಮೇಲೆ ಇಳಿಜಾರು. ಹತ್ತು ಅಡಿ ಉದ್ದದ ದಬ್ಬೆಯನ್ನು ಮೇಲಿನ ತುದಿಯಿಂದ ಮಟ್ಟವಾಗಿ ಹಿಡಿದಾಗ ಕೆಳತುದಿ ನೆಲದಿಂದ ಎರಡು ಅಡಿ ಎಂಟು ಇಂಚು ಮೇಲಿದ್ದರೆ, ಅದು ಸುಮಾರು 15 ಡಿಗ್ರಿ. ಕೂತು ಓಡಿಸುವ ಹೆಚ್ಚಿನ ಗಾಡಿಗಳ ಕೈಪಿಡಿಯಲ್ಲಿ ಅದೇ ಗಡಿ. ಅದಕ್ಕಿಂತ ಕಡಿದಾದ ಕಡೆ, ಹಳ್ಳದ ಅಂಚಿನಲ್ಲಿ, ಗಾಡಿ ಒಯ್ಯಲೇಬೇಡಿ. ಅಷ್ಟು ಜಾಗಕ್ಕೆ ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಸಾಕು, ಇಲ್ಲವೇ ಅಲ್ಲಿ ಹುಲ್ಲಿನ ಬದಲು ಪೊದೆಗಿಡ ಹಾಕಿ. ನಿಮ್ಮ ಇಳಿಜಾರಿನ ಭಯ ವಿವೇಕದ ಭಯ, ಅದನ್ನು ಹೋಗಲಾಡಿಸಿಕೊಳ್ಳಬೇಕಿಲ್ಲ.

ಮೂರನೆಯದು ಆಯ್ಕೆ. ನಿಮ್ಮ ಮುಂದೆ ಮುಖ್ಯವಾಗಿ ಎರಡು ಬಗೆ ಇವೆ. ಸ್ಟಿಯರಿಂಗ್ ಇರುವ ಲಾನ್ ಟ್ರ್ಯಾಕ್ಟರ್ ಒಂದು, ಎರಡು ಲಿವರ್‌ಗಳಿಂದ ನಿಂತಲ್ಲೇ ತಿರುಗುವ ಝೀರೊ ಟರ್ನ್ ಇನ್ನೊಂದು. ಝೀರೊ ಟರ್ನ್ ಬೇಗ ಓಡುತ್ತದೆ, ಮರಗಳ ಸುತ್ತ ಚೆನ್ನಾಗಿ ತಿರುಗುತ್ತದೆ. ಆದರೆ ಬಹುಪಾಲು ಮಾದರಿಗಳಲ್ಲಿ ಮುಂದಿನ ಚಕ್ರಗಳು ತಾವಾಗಿ ತಿರುಗುವಂಥವು, ದಿಕ್ಕು ಹಿಡಿಯುವುದು ಹಿಂದಿನ ಚಕ್ರಗಳಿಂದಲೇ. ಇಳಿಜಾರಿನಲ್ಲಿ ಅವು ಜಾರಿದರೆ ಗಾಡಿ ಹತೋಟಿಗೆ ಸಿಗುವುದಿಲ್ಲ. ಹಳ್ಳದ ಕಡೆ ವಾಟವಿರುವ ಹಿತ್ತಿಲಿಗೆ, ಮೊದಲ ಸಲ ಓಡಿಸುವವರಿಗೆ, ಲಾನ್ ಟ್ರ್ಯಾಕ್ಟರ್ ಒಳ್ಳೆಯದು. ಗೇರ್ ಬದಲಿಸುವ ತಲೆನೋವಿಲ್ಲದ ಹೈಡ್ರೊಸ್ಟ್ಯಾಟಿಕ್ ಬಗೆಯದಾದರೆ ಕಾಲಲ್ಲೇ ವೇಗ ಹಿಡಿತದಲ್ಲಿರುತ್ತದೆ. ಬ್ಯಾಟರಿಯವೂ ಈಗ ಬಂದಿವೆ. ಸದ್ದು ಕಡಿಮೆ, ಎಂಜಿನ್ ಆಯಿಲ್ ಗೊಡವೆಯಿಲ್ಲ. ಮುಂದೊಂದು ದಿನ ಬ್ಯಾಟರಿ ಬದಲಿಸುವ ಖರ್ಚನ್ನು ಮಾತ್ರ ಈಗಲೇ ಕೇಳಿಟ್ಟುಕೊಳ್ಳಿ.

ಬ್ರ್ಯಾಂಡ್ ವಿಚಾರ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಬೇರೆ ಬೇರೆ ಬಣ್ಣದ ಗಾಡಿಗಳ ಬಾನೆಟ್ ಎತ್ತಿದರೆ ಒಳಗೆ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್, ಕೊಹ್ಲರ್, ಕವಾಸಾಕಿ ಎಂಬ ಕೆಲವೇ ಎಂಜಿನ್ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಕ್ರಾಫ್ಟ್ಸ್‌ಮನ್, ಕಬ್ ಕ್ಯಾಡೆಟ್, ಟ್ರಾಯ್-ಬಿಲ್ಟ್ ಮೂರೂ 2021ರ ಕೊನೆಯಲ್ಲಿ ಒಂದೇ ಕಂಪನಿಯ ಕೈ ಸೇರಿದವು. ಆದ್ದರಿಂದ ಮಾದರಿಗಳ ಪಟ್ಟಿ ಮುಚ್ಚಿಟ್ಟು, ಮನೆಗೆ ಹತ್ತಿರದ ಎರಡು ಸರ್ವಿಸ್ ಅಂಗಡಿಗೆ ಹೋಗಿ. ಮುಂದಿನ ಶೋರೂಮಿನಲ್ಲಿ ನಗುತ್ತಾ ನಿಂತವರನ್ನು ದಾಟಿ, ಹಿಂದೆ ಕೈಗೆ ಗ್ರೀಸ್ ಮೆತ್ತಿಕೊಂಡು ಕೆಲಸ ಮಾಡುವ ಮೆಕ್ಯಾನಿಕ್ ಹತ್ತಿರ ನಾಲ್ಕು ಮಾತು ಕೇಳಿ. ‘ಮೇ ತಿಂಗಳ ರಶ್ಶಿನಲ್ಲಿ ಗಾಡಿ ತಂದರೆ ಎಷ್ಟು ದಿನಕ್ಕೆ ಕೊಡುತ್ತೀರಿ? ಯಾವ ಬ್ರ್ಯಾಂಡಿನ ಬೆಲ್ಟ್, ಬ್ಲೇಡ್ ನಿಮ್ಮಲ್ಲಿ ಸದಾ ಇರುತ್ತದೆ? ಬೇರೆ ಕಡೆ ಕೊಂಡ ಗಾಡಿಯನ್ನೂ ರಿಪೇರಿ ಮಾಡುತ್ತೀರಾ? ಮನೆಗೆ ಬಂದು ಒಯ್ಯಲು ಎಷ್ಟು?’ ಈ ನಾಲ್ಕಕ್ಕೆ ನೇರವಾಗಿ ಉತ್ತರ ಕೊಡುವವರು ಯಾವ ಬ್ರ್ಯಾಂಡ್ ನೋಡಿಕೊಳ್ಳುತ್ತಾರೋ ಅದರಲ್ಲೇ ಒಂದನ್ನು ಆರಿಸಿ. ಕೊಳ್ಳುವ ಮೊದಲು ಸೀಟಿನ ಮೇಲೆ ಕೂತು ನೋಡಿ. ಪೆಡಲ್‌ಗೆ ಕಾಲು ಸಲೀಸಾಗಿ ಎಟುಕುತ್ತದೆಯೇ? ಬಾನೆಟ್ ಎತ್ತಿ ಏರ್ ಫಿಲ್ಟರ್, ಆಯಿಲ್ ಅಳೆಯುವ ಕಡ್ಡಿ ಕೈಗೆ ಸಿಗುತ್ತವೆಯೇ? ಕೈಗೆ ಸಿಗದ್ದನ್ನು ನಾವು ಯಾರೂ ನೋಡಿಕೊಳ್ಳುವುದಿಲ್ಲ.

ಒಂದು ತಾರೀಖು ನಿಗದಿ ಮಾಡಿ, ಎರಡು ವಾರ ಸಾಕು. ಅದನ್ನು ಹೆಂಡತಿಗೆ ಹೇಳಿ. ಗಾಡಿಗೆ, ಟ್ರಿಮ್ಮರ್‌ಗೆ, ವರ್ಷದ ಸರ್ವಿಸ್‌ಗೆ ಸೇರಿಸಿ ಇಬ್ಬರೂ ಒಪ್ಪುವ ಒಂದು ಮೊತ್ತ ಬರೆದಿಡಿ. ರಾತ್ರಿ ಹತ್ತರ ಮೇಲೆ ಮೋವರ್ ಸುದ್ದಿ ಬೇಡ. ಕೊಂಡ ಮೇಲೆ ಬೇರೆಯವರ ವಿಮರ್ಶೆ ಓದುವುದೂ ಬೇಡ. ನಿಮ್ಮ ಆಯ್ಕೆ ತೀರಾ ಹೊಂದದೇ ಹೋದರೆ ಏನಾಗುತ್ತದೆ? ಒಂದು ಸೀಸನ್ ಓಡಿಸಿ, ಸ್ವಲ್ಪ ನಷ್ಟಕ್ಕೆ ಮಾರಿ, ಬೇರೆಯದು ತರುತ್ತೀರಿ. ಅಷ್ಟೇ. ಇದನ್ನು ಕಾಗದದ ಮೇಲೆ ಬರೆದು ಓದಿಕೊಳ್ಳಿ. ಮನಸ್ಸಿನಲ್ಲಿ ಗುಡ್ಡದಷ್ಟಿದ್ದದ್ದು ಬರೆದಾಗ ಎರಡು ಸಾಲಿಗೆ ಇಳಿಯುತ್ತದೆ.

ನಾಲ್ಕನೆಯದು, ತಂದ ಮೇಲಿನ ಮಾತು. ಗಾಡಿಯ ಬಾಳಿಕೆ ಅರ್ಧಕ್ಕರ್ಧ ಇಟ್ಟುಕೊಳ್ಳುವವರ ಕೈಯಲ್ಲಿದೆ. ‘ಗಾಡಿ ಕೆಟ್ಟಿದೆ’ ಎಂದು ತರುವವರಲ್ಲಿ ಎಷ್ಟೋ ಜನರದ್ದು ಸತ್ತ ಬ್ಯಾಟರಿ, ಹಳಸಿದ ಪೆಟ್ರೋಲ್, ಸವೆದ ಬೆಲ್ಟ್. ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ಸೀಸನ್ನಿಗೆ ಒಂದೆರಡು ಸಲ ಬ್ಲೇಡ್ ಸಾಣೆ ಹಿಡಿಸಿ. ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೆರೆತ ಪೆಟ್ರೋಲ್ ಹಾಕಬೇಡಿ. ಚಳಿಗಾಲಕ್ಕೆ ನಿಲ್ಲಿಸುವ ಮೊದಲು ಪೆಟ್ರೋಲ್‌ಗೆ ಸ್ಟೆಬಿಲೈಸರ್ ಬೆರೆಸಿ ಐದು ನಿಮಿಷ ಓಡಿಸಿ. ಇದಿಷ್ಟೇ ಕೆಲಸ.

ಎಚ್ಚರಿಕೆಯ ಮಾತನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಇಳಿಜಾರಿನಲ್ಲಿ ಲಾನ್ ಟ್ರ್ಯಾಕ್ಟರನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಬೇಕು, ಅಡ್ಡಡ್ಡ ಅಲ್ಲ. ಹುಲ್ಲು ಒದ್ದೆಯಿದ್ದಾಗ ಬೇಡವೇ ಬೇಡ. ಮಕ್ಕಳು ತೊಡೆಯ ಮೇಲೆ ಕೂರುತ್ತೇವೆ ಎಂದು ಹಟ ಹಿಡಿದರೂ ಕೂರಿಸಬೇಡಿ. ಗಾಡಿ ಓಡುವಾಗ ಅವರು ಮನೆಯೊಳಗಿರಲಿ. 16 ವರ್ಷ ತುಂಬುವವರೆಗೆ ಇಂಥ ಗಾಡಿ ಓಡಿಸಲು ಬಿಡಬಾರದು ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘಟನೆಯೇ ಹೇಳುತ್ತದೆ. ತಂದೆಯವರಿಗೆ ಒಂದು ಸುತ್ತು ಹೊಡೆಯುವ ಆಸೆಯಾದರೆ ಸಮತಟ್ಟು ಜಾಗದಲ್ಲಿ ಹೊಡೆಯಲಿ, ಆದರೆ ಪಂಚೆ, ಹವಾಯಿ ಚಪ್ಪಲಿ ಬಿಟ್ಟು ಪ್ಯಾಂಟು, ಶೂ ಹಾಕಿಕೊಂಡು. ಏಳುವಾಗ ಎಂಜಿನ್ ನಿಲ್ಲಿಸುವ ಸೀಟಿನ ಕೆಳಗಿನ ಸ್ವಿಚ್ಚನ್ನು ಎಂದೂ ತಪ್ಪಿಸಿ ಕಟ್ಟಬೇಡಿ.

ಹುಲ್ಲು, ಮಣ್ಣಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ ಕಚೇರಿಗೆ ಫೋನ್ ಮಾಡಿ. ವಿಶ್ವವಿದ್ಯಾಲಯಕ್ಕೆ ಸೇರಿದ ಆ ಕಚೇರಿಯವರಿಗೆ ನಿಮಗೆ ಏನನ್ನೂ ಮಾರಬೇಕಿಲ್ಲ, ಹಾಗಾಗಿ ಅವರ ಸಲಹೆ ನಂಬಬಹುದು.

ಇನ್ನು ನಿದ್ದೆಯ ಮಾತು. ನಿರ್ಧಾರ ಮುಗಿದ ಮೇಲೂ ನಿದ್ದೆ ಬಾರದೆ, ಚಿಂತೆ ಗಾಡಿಯಿಂದ ಛಾವಣಿಗೆ, ಛಾವಣಿಯಿಂದ ನೌಕರಿಗೆ ಹಾರುತ್ತಿದ್ದರೆ ಎರಡು ಮೂರು ವಾರ ಕಾಯಿರಿ, ಅದಕ್ಕಿಂತ ಹೆಚ್ಚು ಬೇಡ. ನಿಮ್ಮ ವೈದ್ಯರಿಗೆ ಹೇಳಿ. ಅಮೆರಿಕದ ಬಹಳಷ್ಟು ಕಂಪನಿಗಳಲ್ಲಿ ಉದ್ಯೋಗಿಗಳಿಗೆಂದೇ ಕೆಲವು ಉಚಿತ ಆಪ್ತಸಮಾಲೋಚನೆಗಳ ಸೌಲಭ್ಯ ಇರುತ್ತದೆ, ನಿಮ್ಮಲ್ಲೂ ಇದೆಯೇ ವಿಚಾರಿಸಿ. ಅದನ್ನು ಬಳಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಊರಲ್ಲಿದ್ದಾಗ ಅಣ್ಣತಮ್ಮಂದಿರು, ಸ್ನೇಹಿತರು ಸುತ್ತ ಇದ್ದು ಹಂಚಿಕೊಳ್ಳುತ್ತಿದ್ದ ಭಾರವನ್ನು ಪರದೇಶದಲ್ಲಿ ಒಬ್ಬರೇ ಹೊರುತ್ತಿದ್ದೀರಿ. ಇದನ್ನು ಓದುತ್ತಿರುವ ಇನ್ನೂ ಅನೇಕರ ಕಥೆಯೂ ಇದೇ.

ಈ ಶನಿವಾರ ಅಪ್ಪನ ಜೊತೆ ಇಳಿಜಾರು ಅಳೆಯಿರಿ. ಸೋಮವಾರ ಸರ್ವಿಸ್ ಅಂಗಡಿಗೆ ಹೋಗಿ. ಬ್ರ್ಯಾಂಡಿನ ಪ್ರಶ್ನೆ ಆಮೇಲೆ. ಆ ಹೊತ್ತಿಗೆ ಅದು ಅರ್ಧ ತಾನಾಗಿಯೇ ಬಗೆಹರಿದಿರುತ್ತದೆ.