ನಂಜೇರಿದ ನೆಲದ ಖರ್ಚು ಯಾರದು?

ನಮ್ಮ ಮನೆಯಲ್ಲಿ ಕಾಗದಪತ್ರ ಓದಬಲ್ಲವನು ನಾನೊಬ್ಬನೇ. ಆದಕಾರಣ ಹೈಸ್ಕೂಲಿನ ದಿನಗಳಿಂದಲೂ ಮನೆಯವರ, ನೆರೆಹೊರೆಯವರ ಕ್ರಯಪತ್ರಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಚಕ್ಕುಬಂದಿಯ ವಿವರದ ಆಚೀಚೆ ಆ ಪತ್ರಗಳಲ್ಲಿ ತಪ್ಪದೆ ಒಂದು ಮಾತು ಬರುತ್ತದೆ: ಮುಂದೆ ಈ ಸ್ವತ್ತಿನ ಬಗ್ಗೆ ಏನಾದರೂ ತಂಟೆ ತಕರಾರು ಹುಟ್ಟಿದಲ್ಲಿ ಮಾರಿದವನೇ ಮುಂದೆ ನಿಂತು, ತನ್ನ ಸ್ವಂತ ಖರ್ಚಿನಿಂದ ಅದನ್ನು ಪರಿಹರಿಸಿಕೊಡತಕ್ಕದ್ದು. ಈ ವರ್ಷ ಅಮೆರಿಕದ ಒಂದು ಕಾಯಿದೆಯ ಚರಿತ್ರೆಯನ್ನು ಓದುತ್ತಿದ್ದಾಗ, ಈ ಮಾತಿಗೆ ನೇರ ವಿರುದ್ಧವಾದ ಕ್ರಯಪತ್ರವೊಂದರ ಸಂಗತಿ ಕಣ್ಣಿಗೆ ಬಿತ್ತು. ಈ ಲೇಖನಕ್ಕೆ ಅದೇ ಕಾರಣ.

ನ್ಯೂಯಾರ್ಕ್ ಸಂಸ್ಥಾನದಲ್ಲಿ ನಯಾಗರಾ ಫಾಲ್ಸ್ ಎಂಬ ಪಟ್ಟಣವಿದೆ. ೧೮೯೦ರ ದಶಕದಲ್ಲಿ ವಿಲಿಯಂ ಲವ್ ಎಂಬಾತ ಅಲ್ಲಿ ವಿದ್ಯುತ್ತಿಗಾಗಿ ಒಂದು ಕಾಲುವೆಯನ್ನು ತೋಡಿಸತೊಡಗಿದ. ಕೆಲಸ ನಡುವೆಯೇ ನಿಂತು, ಒಂದು ಮೈಲಿಗಿಂತ ಕಡಮೆ ಉದ್ದದ ಹಳ್ಳವೊಂದು ಉಳಿಯಿತು. ಅದಕ್ಕೆ ಅವನ ಹೆಸರೇ ನಿಂತು ‘ಲವ್ ಕಾಲುವೆ’ ಎಂದಾಯಿತು. ಹೂಕರ್ ಎಂಬ ರಾಸಾಯನಿಕ ಕಂಪೆನಿ ೧೯೪೨ರಿಂದ ೧೯೫೩ರವರೆಗೆ ಈ ಹಳ್ಳದಲ್ಲಿ ಸುಮಾರು ೨೧,೦೦೦ ಟನ್ ರಾಸಾಯನಿಕ ಕಸವನ್ನು ಸುರಿದು, ಮೇಲೆ ಮಣ್ಣು ಮುಚ್ಚಿತು. ೧೯೫೩ರಲ್ಲಿ ಆ ನೆಲವನ್ನು ಊರಿನ ಶಾಲಾ ಮಂಡಲಿಗೆ ಒಂದೇ ಒಂದು ಡಾಲರಿಗೆ ಬರೆದುಕೊಟ್ಟಿತು. ನೆಲದೊಳಗೆ ಕಸವಿದೆಯೆಂದು ಪತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು. ಅದರ ಜೊತೆಗೆ, ಇದರಿಂದ ಮುಂದೆ ಏನು ಹಾನಿಯಾದರೂ ಕಂಪೆನಿಯ ಮೇಲೆ ದಾವೆ ಹೂಡತಕ್ಕದ್ದಲ್ಲ, ಹೊಣೆಯೆಲ್ಲ ಕೊಂಡವರದೇ ಎಂಬ ಷರತ್ತೂ ಇತ್ತು! ಕಂಪೆನಿ ವಿಷಯವನ್ನು ಮುಚ್ಚಿಟ್ಟಿತೆಂದು ಹೇಳುವಂತಿಲ್ಲ. ಮಂಡಲಿಯೂ ತಿಳಿದೇ ಕೊಂಡಿತು. ತಿಳಿಯದೆ ಹೋದವರೆಂದರೆ ಆಮೇಲೆ ಸುತ್ತಲೂ ಮನೆ ಕೊಂಡು ಬಂದ ಸಾಮಾನ್ಯ ಜನ. ಶಾಲೆ ಎದ್ದಿತು, ಮಕ್ಕಳು ಆ ಮಣ್ಣಿನ ಮೇಲೆಯೇ ಆಡಿದರು.

ಎಪ್ಪತ್ತರ ದಶಕದ ಮಳೆ ಹಿಮಗಳಿಗೆ ಹೂತದ್ದು ಮೇಲೆದ್ದಿತು. ಮನೆಗಳ ನೆಲಮಾಳಿಗೆಗೆ ಕಪ್ಪು ರಸ ಜಿನುಗಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ, ಆ ಶಾಲೆಗೆ ಹೋಗುತ್ತಿದ್ದ ಮಗನ ಕಾಯಿಲೆಯಿಂದ ಕಳವಳಗೊಂಡು, ಮನೆಮನೆಯ ಬಾಗಿಲು ತಟ್ಟಿ ಜನರನ್ನು ಕೂಡಿಸಿದಳು. ೧೯೭೮ರ ಆಗಸ್ಟ್ ೨ರಂದು ಸಂಸ್ಥಾನದ ಆರೋಗ್ಯಾಧಿಕಾರಿ ತುರ್ತು ಪರಿಸ್ಥಿತಿ ಸಾರಿ, ಗರ್ಭಿಣಿಯರೂ ಎರಡು ವರ್ಷದೊಳಗಿನ ಮಕ್ಕಳೂ ಸ್ಥಳ ಬಿಡಬೇಕೆಂದನು. ಐದು ದಿನಗಳ ತರುವಾಯ ಅಧ್ಯಕ್ಷ ಕಾರ್ಟರ್ ಕೇಂದ್ರದ ನೆರವನ್ನು ಘೋಷಿಸಿದರು. ಆದರೆ ಅಂದು ಸರ್ಕಾರದ ಕೈಯಲ್ಲಿ ಇಂಥ ನೆಲವನ್ನು ಶುದ್ಧಮಾಡಲೆಂದೇ ಇದ್ದ ಕಾಯಿದೆಯಿರಲಿಲ್ಲ, ಗಂಟೂ ಇರಲಿಲ್ಲ.

ಆ ಕೊರತೆಯಿಂದ ಹುಟ್ಟಿದ್ದೇ ೧೯೮೦ರ ಡಿಸೆಂಬರ್ ೧೧ರಂದು ಅಂಕಿತವಾದ ಶಾಸನ. ಅದರ ಉದ್ದನೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಅದು ‘ಸೂಪರ್‌ಫಂಡ್’, ಅಂದರೆ ಮಹಾನಿಧಿ. ಕಸ ಸುರಿದವರು, ಸಾಗಿಸಿದವರು, ನೆಲದ ಮಾಲಿಕರು, ಎಲ್ಲರೂ ಅದರ ಪ್ರಕಾರ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಸೊಸೈಟಿ ಸಾಲಕ್ಕೆ ಜಾಮೀನು ನಿಂತವರ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೈಗೆ ಸಿಕ್ಕಿದವನೊಬ್ಬನಿಂದಲೇ ಪೂರ್ತಿ ವಸೂಲು ಮಾಡಬಹುದು. ಕಾಯಿದೆಗೆ ಹಿಂದಿನ ಕಾಲದಲ್ಲಿ ಸುರಿದದ್ದಕ್ಕೂ ಹೊಣೆ ಉಂಟು. ಎಲ್ಲಕ್ಕಿಂತ ನನ್ನನ್ನು ಸೆಳೆದದ್ದು ಮತ್ತೊಂದು ಕಲಮು: ಕೊಟ್ಟವನೂ ಕೊಂಡವನೂ ತಮ್ಮತಮ್ಮಲ್ಲಿ ಏನನ್ನಾದರೂ ಬರೆದುಕೊಳ್ಳಲಿ, ಸರ್ಕಾರದ ಮಟ್ಟಿಗೆ ಹೊಣೆ ಕಳೆಯುವುದಿಲ್ಲ. ಒಂದು ಡಾಲರಿನ ಪತ್ರದ ಷರತ್ತು ಇಲ್ಲಿ ಬಿದ್ದುಹೋಯಿತು. ೧೯೮೮ರಲ್ಲಿ ನ್ಯಾಯಾಲಯ ಕಂಪೆನಿಯನ್ನೇ ಹೊಣೆ ಮಾಡಿತು. ಅದನ್ನು ಕೊಂಡಿದ್ದ ಆಕ್ಸಿಡೆಂಟಲ್ ಸಂಸ್ಥೆ ೧೯೯೫ರಲ್ಲಿ ಕೇಂದ್ರ ಸರ್ಕಾರಕ್ಕೆ ೧೨.೯ ಕೋಟಿ ಡಾಲರು ಕೊಡಲೊಪ್ಪಿತು.

ಇಷ್ಟಾಗುವುದಕ್ಕೆ ಹದಿನೈದು ವರ್ಷ ಹಿಡಿಯಿತಲ್ಲ, ಅಲ್ಲಿಯವರೆಗೆ ವಿಷ ಕಾದು ಕುಳಿತಿರುತ್ತದೆಯೆ? ನಿಧಿಯ ಪ್ರಯೋಜನ ಇರುವುದೇ ಇಲ್ಲಿ. ಸರ್ಕಾರ ಮೊದಲು ನಿಧಿಯಿಂದ ಖರ್ಚುಮಾಡಿ ನೆಲವನ್ನು ಶುದ್ಧಪಡಿಸಬಹುದು, ವ್ಯಾಜ್ಯ ಆಮೇಲೆ. ಮೊದಲ ಐದು ವರ್ಷಕ್ಕೆಂದು ೧೬೦ ಕೋಟಿ ಡಾಲರು ಗೊತ್ತುಮಾಡಿದರು. ಅದರ ಬಹುಭಾಗ ಬಂದದ್ದು ಕಚ್ಚಾ ತೈಲದ ಮೇಲೂ ಕೆಲವು ಮೂಲ ರಾಸಾಯನಿಕಗಳ ಮೇಲೂ ಹಾಕಿದ ತೆರಿಗೆಯಿಂದ. ಆದರೆ ೧೯೯೫ರ ಕೊನೆಗೆ ತೆರಿಗೆಯ ಅವಧಿ ಮುಗಿಯಿತು, ಕಾಂಗ್ರೆಸ್ ಸಭೆ ಅದನ್ನು ಮುಂದುವರಿಸಲಿಲ್ಲ. ೨೦೦೩ರ ಹೊತ್ತಿಗೆ ನಿಧಿಯ ತಳ ಕಂಡಿತು. ಅಲ್ಲಿಂದ ಮುಂದೆ ಸಾಮಾನ್ಯ ಪ್ರಜೆಯ ತೆರಿಗೆಯ ಹಣವೇ ಹೆಚ್ಚಾಗಿ ಖರ್ಚಾಯಿತು. ಕಾಯಿದೆಯ ಒಂದಕ್ಷರವನ್ನೂ ಅಳಿಸದೆ ಅದರ ಅರ್ಧ ಬಲವನ್ನು ಹೀಗೆ ತೆಗೆಯಬಹುದೆಂಬುದು ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ದೊಡ್ಡ ಪಾಠವೇ ಸರಿ. ರಾಸಾಯನಿಕಗಳ ತೆರಿಗೆ ೨೦೨೨ರಲ್ಲಿ, ತೈಲದ ತೆರಿಗೆ ೨೦೨೩ರಲ್ಲಿ ಮರಳಿ ಬಂದವು.

ಇನ್ನು ನಮ್ಮ ದೇಶ. ರಾಜಸ್ಥಾನದ ಉದಯಪುರದ ಬಳಿ ಬಿಚ್ಛ್ರಿ ಎಂಬ ಹಳ್ಳಿಯಿದೆ. ೧೯೮೮ರ ಸುಮಾರಿಗೆ ಅಲ್ಲಿ ‘ಎಚ್ ಆಮ್ಲ’ವೆಂಬ, ಬಣ್ಣದ ತಯಾರಿಕೆಗೆ ಬೇಕಾದ ಪದಾರ್ಥದ ಉತ್ಪಾದನೆ ಆರಂಭವಾಯಿತು. ತಯಾರಾದ ಸರಕು ೩೭೫ ಟನ್. ಬಯಲಿಗೆ ಬಿದ್ದ ವಿಷದ ರಾಡಿ ಸುಮಾರು ೨,೪೦೦ ಟನ್! ಬಾವಿಗಳ ನೀರು ಬಣ್ಣಗೆಟ್ಟಿತು. ಕುಡಿಯಲೂ ಆಗದು, ಬೆಳೆಗೂ ಆಗದು. ಜನ ರೊಚ್ಚಿಗೆದ್ದರು, ಉತ್ಪಾದನೆ ನಿಂತಿತು, ರಾಡಿ ಮಾತ್ರ ಉಳಿಯಿತು. ೧೯೯೬ರ ಫೆಬ್ರವರಿ ೧೩ರಂದು ಸುಪ್ರೀಂ ಕೋರ್ಟು, ಕೆಡಿಸಿದವನೇ ಖರ್ಚು ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಖರ್ಚು ೩೭.೩೮೫ ಕೋಟಿ ರೂಪಾಯಿಯೆಂದು ಗೊತ್ತಾಯಿತು. ತೀರ್ಪು ಅಮೆರಿಕದ ಕಾಯಿದೆಗೆ ಯಾವ ರೀತಿಯಲ್ಲೂ ಕಡಮೆಯಲ್ಲ. ಆದರೆ ಕಾರ್ಖಾನೆಯವರು ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋದರು. ೨೦೧೧ರಲ್ಲಿ ಅದೇ ನ್ಯಾಯಾಲಯ, ಆ ಮೊತ್ತವನ್ನು ೧೯೯೭ರಿಂದ ಶೇಕಡ ೧೨ರ ಚಕ್ರಬಡ್ಡಿ ಸಹಿತ ಕೊಡಬೇಕೆಂದು ಮತ್ತೊಮ್ಮೆ ಆಜ್ಞೆ ಮಾಡಬೇಕಾಯಿತು. ಈ ಹದಿನೈದು ವರ್ಷ ಅಲ್ಲಿನ ರೈತನ ಬಾವಿ ಹೇಗಿದ್ದಿರಬೇಕು? ತತ್ತ್ವ ನಮ್ಮಲ್ಲೂ ಇತ್ತು. ವ್ಯಾಜ್ಯ ಮುಗಿಯುವ ಮೊದಲೇ ಗುದ್ದಲಿ ಹಿಡಿಸಲು ಬೇಕಾದ ನಿಧಿ ಇರಲಿಲ್ಲ.

೨೦೨೫ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ, ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ, ಮಲಿನಗೊಂಡ ನಿವೇಶನಗಳಿಗೆಂದೇ ನಿಯಮಗಳನ್ನು ಹೊರಡಿಸಿದೆ. ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಕೆಡಿಸಿದವನೇ ಖರ್ಚು ತೆರಬೇಕು. ಅವನು ಸಿಕ್ಕದಿದ್ದರೆ, ಅಥವಾ ತೆರಲಾರದವನಾದರೆ, ಕೇಂದ್ರವೂ ರಾಜ್ಯವೂ ಹಂಚಿಕೊಳ್ಳಬೇಕು. ಇದು ಸ್ವಾಗತಾರ್ಹ. ಆದರೆ ತೈಲದ ಮೇಲಿನ ತೆರಿಗೆಯಂತೆ ವರ್ಷವರ್ಷವೂ ತಾನಾಗಿ ಹರಿದುಬರುವ ಹಣದ ಮೂಲ ಅದರಲ್ಲಿ ನನಗೆ ಕಾಣಲಿಲ್ಲ.

ನಮ್ಮ ನಾಡಿನಲ್ಲೇ ಕೋಲಾರದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳಿವೆ; ಗಾಳಿಕಾಲಕ್ಕೆ ಅವುಗಳ ಧೂಳು ಕೆ.ಜಿ.ಎಫ್.ನ ಮನೆಗಳೊಳಕ್ಕೆ ನುಗ್ಗುತ್ತದೆ. ಆ ಗಣಿ ೧೮೮೦ರಿಂದ ಜಾನ್ ಟೇಲರ್ ಕಂಪೆನಿಯ ಕೈಯಲ್ಲಿತ್ತು, ೧೯೫೬ರಲ್ಲಿ ಮೈಸೂರು ಸರ್ಕಾರಕ್ಕೆ, ೧೯೬೨ರಲ್ಲಿ ಕೇಂದ್ರಕ್ಕೆ ಬಂದು, ೨೦೦೧ರಲ್ಲಿ ಮುಚ್ಚಿತು. ಕೊನೆಯ ಮಾಲಿಕ ಯಾರೆಂದು ಹುಡುಕಲು ಇಲ್ಲಿ ಯಾವ ನ್ಯಾಯಾಲಯಕ್ಕೂ ಹೋಗಬೇಕಾಗಿಲ್ಲ. ಹೊಸ ನಿಯಮಗಳು ಮಾತ್ರ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಬಹುಮಟ್ಟಿಗೆ ತಮ್ಮ ವ್ಯಾಪ್ತಿಯ ಹೊರಗೇ ಇಟ್ಟಿವೆ.